ಮೀನು ಎಣಿಸಿದ ಡಾಕ್ಟರು: ಫ್ರಾನ್ಸಿಸ್ ಡೇ

ಜೂನ್ ಬಂತೆಂದರೆ ಮಡಿಕೇರಿಯ ಮಾರ್ಕೆಟ್ಟಿನಲ್ಲಿ ಮತ್ತಿ, ಬಂಗುಡೆಗಳ ರಾಶಿ ಸಣ್ಣದಾಗುತ್ತದೆ, ರೇಟು ಮಾತ್ರ ಏರುತ್ತದೆ. ಸಂಪಾಜೆ ಘಾಟಿ ಹತ್ತಿ ನಮ್ಮೂರಿಗೆ ಬರುವ ಮೀನು ಮಂಗಳೂರು ಕಡೆಯದು. ಅಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅನೇಕ ಮೀನುಗಳು ಮೊಟ್ಟೆ ಇಡುವ ಕಾಲ ಅದು. ಮೀನನ್ನೂ ಕಾಯಬೇಕು ಅನ್ನುವ ಈ ಯೋಚನೆಯನ್ನು ಭಾರತದಲ್ಲಿ ಲೆಕ್ಕ ಸಮೇತ ಸರ್ಕಾರದ ಮುಂದಿಟ್ಟ ಮೊದಲಿಗರಲ್ಲಿ ಒಬ್ಬರು ಫ್ರಾನ್ಸಿಸ್ ಡೇ. ಈ ಸಂಚಿಕೆಯಲ್ಲಿ ಅವರ ಪರಿಚಯ ಮಾಡಿಕೊಳ್ಳೋಣ.

ಡೇ ಹುಟ್ಟಿದ್ದು 1829ರಲ್ಲಿ, ಇಂಗ್ಲೆಂಡಿನ ಸಸೆಕ್ಸ್ ಪ್ರಾಂತ್ಯದಲ್ಲಿ. ಲಂಡನ್ನಿನಲ್ಲಿ ವೈದ್ಯಕೀಯ ಓದಿ 1852ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೇವೆಗೆ ಸಹಾಯಕ ಸರ್ಜನ್ ಆಗಿ ಸೇರಿದರು. ಮೀನು ಅವರ ಕೆಲಸವೇ ಆಗಿರಲಿಲ್ಲ! ಕೊಚ್ಚಿಗೆ ಹೋದ ಮೇಲೆ ಹುಚ್ಚು ಹಿಡಿಯಿತು. ಬೆಸ್ತರು ತಂದ ಮೀನನ್ನು ಕೊಂಡು, ರೆಕ್ಕೆಯ ಮುಳ್ಳು ಎಷ್ಟು, ಪಕ್ಕದ ಗೆರೆಯ ಮೇಲೆ ಹುರುಪೆ ಎಷ್ಟು, ಹಲ್ಲಿನ ಸಾಲು ಹೇಗಿದೆ ಎಂದು ಎಣಿಸಿ ಬರೆದುಕೊಳ್ಳುವುದು, ಮೀನನ್ನು ಸ್ಪಿರಿಟ್ಟಿನಲ್ಲಿಟ್ಟು ಕಾಪಾಡುವುದು. ನೋಡೋಕೆ ಒಂದೇ ಥರ ಇರುವ ಎರಡು ಮೀನು ಬೇರೆ ಬೇರೆ ಜಾತಿ ಅಂತ ತಿಳಿಯುತ್ತಿದ್ದುದು ಈ ಎಣಿಕೆಯಿಂದಲೇ. ಇದರ ಫಲವಾಗಿ ಮಲಬಾರಿನ ಮೀನುಗಳ ಕುರಿತ ಅವರ ಪುಸ್ತಕ 1865ರಲ್ಲಿ ಬಂತು.

1871ರಲ್ಲಿ ಸರ್ಕಾರ ಅವರನ್ನು ಭಾರತ ಮತ್ತು ಬರ್ಮಾದ ಮೀನುಗಾರಿಕೆಯ ಇನ್‌ಸ್ಪೆಕ್ಟರ್ ಜನರಲ್ ಮಾಡಿತು. ಅಲ್ಲಿಂದ ಸುತ್ತಾಟ ಶುರು. ಒಬ್ಬರಿಂದ ಇಡೀ ದೇಶ ನೋಡಲು ಆಗುತ್ತದೆಯೇ? ಅದಕ್ಕೆ ಜಿಲ್ಲೆಗಳ ಅಧಿಕಾರಿಗಳಿಗೆ ಪ್ರಶ್ನಾವಳಿ ಹೋಯಿತು. ಮೀನು ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ, ಬಲೆಯ ಕಣ್ಣು ಎಷ್ಟು ಚಿಕ್ಕದು, ಹೊಳೆಗೆ ವಿಷ ಹಾಕುತ್ತಾರೆಯೇ? ನಾವು ಈಗ ಪ್ರಾಜೆಕ್ಟಿಗೆ ಫಾರ್ಮ್ ಕಳಿಸಿ ಡೇಟಾ ಕೂಡಿಸುತ್ತೇವಲ್ಲ, ಅದೇ ಕೆಲಸ, ಅಂಚೆಯಲ್ಲಿ.

1873ರಲ್ಲಿ ಎರಡು ವರದಿ ಹೊರಬಂದವು: ಒಂದು ಸಿಹಿನೀರಿನದು, ಇನ್ನೊಂದು ಸಮುದ್ರದ್ದು. ಸಿಹಿನೀರಿನ ವರದಿ ತೋರಿಸಿದ್ದು ಇಷ್ಟು: ಗದ್ದೆ ಕಾಲುವೆಗಳಲ್ಲಿ ಕೂಳಿ, ಸಣ್ಣ ಕಣ್ಣಿನ ಬಲೆ ಇಟ್ಟು ಮರಿಗಳನ್ನೆಲ್ಲ ಬಾಚುತ್ತಿದ್ದಾರೆ, ಮೊಟ್ಟೆ ಇಡಲು ಮೇಲೇರುವ ಮೀನಿಗೆ ಅಣೆಕಟ್ಟೆಗಳು ಅಡ್ಡವಾಗಿವೆ. ಬಲೆಯ ಕಣ್ಣಿಗೆ ಕನಿಷ್ಠ ಅಳತೆ ಬೇಕು, ಕಟ್ಟೆಗಳಲ್ಲಿ ಮೀನು ದಾಟಲು ದಾರಿ ಬೇಕು ಎಂಬುದು ಅವರ ವಾದ. ಬಡವರ ಹೊಟ್ಟೆಪಾಡಿಗೆ ಕೈ ಹಾಕಬೇಡಿ ಎಂದು ವಿರೋಧಿಸಿದ ಅಧಿಕಾರಿಗಳೂ ಇದ್ದರು. ಆ ಮಾತನ್ನೂ ಸುಮ್ಮನೆ ತಳ್ಳಿಹಾಕುವಂತಿಲ್ಲ.

ಸಮುದ್ರದ ಕಥೆ ಬೇರೆ. ಅಲ್ಲಿ ಅವರ ಕಣ್ಣಿಗೆ ಬಿದ್ದದ್ದು ಉಪ್ಪಿನ ತೆರಿಗೆ. ಉಪ್ಪು ದುಬಾರಿಯಾದ್ದರಿಂದ ಬೆಸ್ತರು ಹಿಡಿದ ಮೀನನ್ನು ಸರಿಯಾಗಿ ಒಣಗಿಸಲಾಗದೆ ಕೆಡುತ್ತಿತ್ತು. ಮೀನಿನ ಸಂಸ್ಕರಣೆಗೆ ಅಗ್ಗದ ಉಪ್ಪು ಕೊಡಿ ಎಂದು ಶಿಫಾರಸು ಮಾಡಿದರು. ಮುಂದೆ ಮದ್ರಾಸ್ ಪ್ರಾಂತ್ಯದ ಕರಾವಳಿಯಲ್ಲಿ ಮೀನು ಉಪ್ಪು ಹಾಕುವ ಸರ್ಕಾರಿ ಯಾರ್ಡುಗಳು ಬಂದವು.

ಅವರ ದೊಡ್ಡ ಕೃತಿ ಭಾರತದ ಮೀನುಗಳ ಕುರಿತದ್ದು. 1875ರಿಂದ 1878ರವರೆಗೆ ಭಾಗ ಭಾಗವಾಗಿ ಬಂತು, 190ಕ್ಕೂ ಹೆಚ್ಚು ಚಿತ್ರಪುಟಗಳೊಂದಿಗೆ. ಆದರೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಆಲ್ಬರ್ಟ್ ಗುಂಥರ್ ಜೊತೆ ಅವರಿಗೆ ಎಣ್ಣೆ-ಸೀಗೆಕಾಯಿ. ಈ ಜಗಳದಿಂದಾಗಿ ಅವರ ಸಂಗ್ರಹದ ಸ್ವಲ್ಪ ಭಾಗ ಮಾತ್ರ ಅಲ್ಲಿಗೆ ಹೋಯಿತು. ಉಳಿದದ್ದು ಕೋಲ್ಕತ್ತ, ಲೈಡನ್, ಸಿಡ್ನಿ ಹೀಗೆ ಚದುರಿತು. ಇಂದಿಗೂ ನಮ್ಮ ಮೀನಿನ ಮೂಲ ಮಾದರಿ ನೋಡಲು ಸಂಶೋಧಕರು ದೇಶ ದೇಶ ಅಲೆಯಬೇಕು! 1889ರಲ್ಲಿ ಅವರ ಇನ್ನೆರಡು ಸಂಪುಟಗಳು ಬಂದವು, 1,400ಕ್ಕೂ ಹೆಚ್ಚು ಮೀನುಗಳ ವಿವರ. ಅದೇ ವರ್ಷ ಜುಲೈ 10ರಂದು ಚೆಲ್ಟನ್‌ಹ್ಯಾಮಿನಲ್ಲಿ ತೀರಿಕೊಂಡರು. ಎಂಟು ವರ್ಷದ ನಂತರ, 1897ರಲ್ಲಿ, ಭಾರತೀಯ ಮೀನುಗಾರಿಕೆ ಕಾಯ್ದೆ ಬಂತು. ಮೀನು ಹಿಡಿಯಲು ಸಿಡಿಮದ್ದು, ವಿಷ ಬಳಸುವುದು ಅಪರಾಧವಾಯಿತು. ಬಲೆಯ ಕಣ್ಣಿನ ಅಳತೆ ಗೊತ್ತುಮಾಡುವ ಅಧಿಕಾರ ಪ್ರಾಂತ್ಯಗಳಿಗೆ ಸಿಕ್ಕಿತು.

ಡೇ ಎಲ್ಲವನ್ನೂ ಸರಿಯಾಗೇ ಮಾಡಿದರು ಅಂತಲ್ಲ. ವಿದೇಶಿ ಟ್ರೌಟ್ ಮೀನನ್ನು ನೀಲಗಿರಿಗೆ ತರಲು ಹೊರಟವರು ಅವರೇ. ಹೊರಗಿನ ಮೀನು ತಂದು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ನಮ್ಮ ಕಾವೇರಿಯಲ್ಲೇ ಇದೆ. ಐವತ್ತು ಕಿಲೋ ದಾಟುವ, ಬೆನ್ನುಬ್ಬಿನ ಮಹಸೀರ್ ಇಲ್ಲಿಯದೇ ಮೀನು. ಅದರ ನೀರಿಗೆ ಬೇರೆ ಕಡೆಯ ನೀಲಿ ರೆಕ್ಕೆಯ ಮಹಸೀರ್ ಮರಿಗಳನ್ನು ಬಿಟ್ಟರು, ಮೂಲದ್ದು ಮೂಲೆಗುಂಪಾಯಿತು. ಗಾಳ ಹಾಕುವವರು 19ನೇ ಶತಮಾನದಿಂದಲೇ ಬಲ್ಲ ಈ ಮೀನಿನ ವೈಜ್ಞಾನಿಕ ಹೆಸರಿನ ಗೊಂದಲ ಬಗೆಹರಿದದ್ದು 2018ರಲ್ಲಿ. ಅದು ಟಾರ್ ರೆಮಾದೇವಿ ಎಂದು ಖಚಿತವಾದ ಮೇಲೆ, ಅದೇ ವರ್ಷ, ಕೆಂಪು ಪಟ್ಟಿಯಲ್ಲಿ ತೀವ್ರ ಅಳಿವಿನಂಚಿನ ಜೀವಿಯಾಗಿ ಸೇರಿತು. ಹೆಸರು ಖಚಿತವಾಗದ ಮೀನು ಕಣ್ಣೆದುರೇ ಕಡಿಮೆಯಾದರೂ ಲೆಕ್ಕಕ್ಕೆ ಸಿಗಲಿಲ್ಲ.

ಅದಕ್ಕೇ ಡೇ ಅವರ ಎಣಿಕೆ ಬರೀ ಹುಚ್ಚಲ್ಲ ಅನ್ನಿಸುತ್ತದೆ ನಮಗೆ. ಮುಂದಿನ ಸಲ ಮಾರ್ಕೆಟ್ಟಿನಲ್ಲಿ ಬೆರಳುದ್ದದ ಮರಿ ಬಂಗುಡೆ ಕಂಡರೆ, ಅದನ್ನು ಹಿಡಿದ ಬಲೆಯ ಕಣ್ಣು ಎಷ್ಟಿತ್ತು ಅಂತ ಒಮ್ಮೆ ಕೇಳಿ ನೋಡಿ.