ಡಾ. ವಿಲ್ಹೆಲ್ಮ್ ಮೇಯರ್: ಮಕ್ಕಳ ಮೂಗುಕಟ್ಟಿದ ದನಿಗೆ ಕಾರಣ ಕಂಡುಹಿಡಿದ ವೈದ್ಯ

ಕಿವಿ, ಮೂಗು ಮತ್ತು ಗಂಟಲು ಚಿಕಿತ್ಸೆಯ ಇತಿಹಾಸದಲ್ಲಿ ಡೆನ್ಮಾರ್ಕ್ ದೇಶದ ಡಾ. ಹಾನ್ಸ್ ವಿಲ್ಹೆಲ್ಮ್ ಮೇಯರ್ ಅವರ ಹೆಸರು ಚಿರಸ್ಥಾಯಿಯಾಗಿದೆ. ಇವರು 1824ರಲ್ಲಿ ಫ್ರೆಡೆರಿಸಿಯಾ ಪಟ್ಟಣದಲ್ಲಿ ಜನಿಸಿದರು. ಕೊಪೆನ್‌ಹೇಗನ್‌ನಲ್ಲಿ ವೈದ್ಯಕೀಯ ವ್ಯಾಸಂಗ ಪೂರೈಸಿ ಅದೇ ನಗರದಲ್ಲಿ ಸಾಮಾನ್ಯ ವೈದ್ಯರಾಗಿ ವೃತ್ತಿ ನಡೆಸಿದರು. ಕ್ರಮೇಣ ಇವರ ಆಸಕ್ತಿಯು ಕಿವಿಯ ರೋಗಗಳತ್ತ ಹೊರಳಿತು.

ಕಿವಿ ಮಂದವಾಗಿದ್ದ ಯುವತಿಯೊಬ್ಬಳು ಚಿಕಿತ್ಸೆಗಾಗಿ ಇವರ ಬಳಿಗೆ ಬಂದಳು. ಆಕೆಯ ಮಾತು ಮೂಗು ಕಟ್ಟಿದಂತೆ, ಕಾಂತಿಯಿಲ್ಲದೆ ಕೇಳಿಸುತ್ತಿತ್ತು. ಕಿವಿಯನ್ನಷ್ಟೇ ನೋಡಿ ಕಳುಹಿಸಬಹುದಾಗಿತ್ತು. ಆದರೆ ಮೇಯರ್ ಅವರು ಬಾಯಿಯ ಮೂಲಕ ಮೃದು ಅಂಗುಳದ ಹಿಂದಕ್ಕೆ ಬೆರಳನ್ನು ಹಾಯಿಸಿ ಪರೀಕ್ಷಿಸಿದರು. ಮೂಗಿನ ಹಿಂಬದಿಯ ಪೊಳ್ಳು ಜಾಗವನ್ನು ಮೆತ್ತನೆಯ ಮಾಂಸದ ಬೆಳವಣಿಗೆಯೊಂದು ತುಂಬಿಕೊಂಡಿರುವುದು ಬೆರಳಿಗೆ ಹತ್ತಿತು. ತಾವೇ ರೂಪಿಸಿದ, ಉಂಗುರದಾಕಾರದ ಅಲಗುಳ್ಳ ಉಪಕರಣವನ್ನು ಮೂಗಿನ ಹೊಳ್ಳೆಯ ಮೂಲಕ ತೂರಿಸಿ, ಒಳಗಿದ್ದ ಬೆರಳಿನ ಆಸರೆಯಿಂದ ಅದನ್ನು ಕೆರೆದು ತೆಗೆದರು.

ಈ ಬೆಳವಣಿಗೆಗೆ ಅವರು ಅಡೆನಾಯ್ಡ್ ಎಂಬ ಹೆಸರನ್ನು ಬಳಸಿದರು. 1868ರಲ್ಲಿ ಡ್ಯಾನಿಷ್ ಭಾಷೆಯಲ್ಲಿ ಪ್ರಕಟವಾದ ಅವರ ಲೇಖನವು 1870ರಲ್ಲಿ ಲಂಡನ್ನಿನ ವೈದ್ಯ ಸಂಘದ ಸಂಪುಟದಲ್ಲಿ ಇಂಗ್ಲಿಷಿನಲ್ಲಿಯೂ ಬೆಳಕು ಕಂಡಿತು. ಇಂತಹ ಬೆಳವಣಿಗೆಯನ್ನು ಅದಕ್ಕೂ ಮುಂಚೆ ಕೆಲವರು ಕಂಡಿದ್ದುಂಟು. ಆದರೆ ಬಾಯಿ ತೆರೆದು ಉಸಿರಾಡುವಿಕೆ, ಕಿವುಡು ಮತ್ತು ಕೆಟ್ಟ ಉಚ್ಚಾರ, ಈ ಮೂರನ್ನೂ ಒಂದೇ ಕಾರಣಕ್ಕೆ ಜೋಡಿಸಿ ತೋರಿಸಿದ ಶ್ರೇಯಸ್ಸು ಮೇಯರ್ ಅವರದು. ಅವರು ಶಾಲೆಗಳ ಮಕ್ಕಳನ್ನೂ ಪರೀಕ್ಷಿಸಿದರು. ದಡ್ಡರೆಂದು ಹಿಂದಿನ ಬೆಂಚಿಗೆ ತಳ್ಳಲ್ಪಡುತ್ತಿದ್ದ ಕೆಲವು ಮಕ್ಕಳಿಗೆ ನಿಜವಾಗಿ ಪಾಠವೇ ಸರಿಯಾಗಿ ಕೇಳಿಸುತ್ತಿರಲಿಲ್ಲವೆಂಬುದು ಸಣ್ಣ ಸಂಗತಿಯಲ್ಲ.

ಧ್ವನಿಯ ವಿಚಾರವನ್ನು ಕನ್ನಡದ ಅಕ್ಷರಗಳಿಂದಲೇ ತಿಳಿಯಬಹುದು. ಮ, ನ ಮುಂತಾದ ಅನುನಾಸಿಕಗಳನ್ನು ನುಡಿಯುವಾಗ ಗಾಳಿಯು ಮೂಗಿನ ಮೂಲಕ ಹೊರಬರಬೇಕು. ಅಡೆನಾಯ್ಡ್ ಬೆಳೆದು ಆ ದಾರಿ ಮುಚ್ಚಿದಾಗ ಮ ಎಂಬುದು ಬ ಎಂದೂ, ನ ಎಂಬುದು ದ ಎಂದೂ ಕೇಳಿಸುತ್ತದೆ. ಅಮ್ಮ ಎಂದು ಕರೆಯುವ ಮಗುವಿನ ಬಾಯಲ್ಲಿ ಅದು ಅಬ್ಬ ಆಗುತ್ತದೆ. ಸ್ವರ ಹುಟ್ಟುವುದು ಧ್ವನಿಪೆಟ್ಟಿಗೆಯಲ್ಲಿ; ಅಡೆನಾಯ್ಡ್ ಆಗಲಿ ಟಾನ್ಸಿಲ್ ಆಗಲಿ ಇರುವುದು ಅದಕ್ಕಿಂತ ಮೇಲೆ. ಆದುದರಿಂದ ಶಸ್ತ್ರಚಿಕಿತ್ಸೆಯ ನಂತರ ಮುಖ್ಯವಾಗಿ ಬದಲಾಗುವುದು ಧ್ವನಿಯ ಅನುರಣನವೇ ಹೊರತು ಸ್ವರ ಹುಟ್ಟುವ ತಂತುಗಳಲ್ಲ.

ಅಡೆನಾಯ್ಡ್ ತೆಗೆದ ಮೇಲೆ ಕೆಲವು ಮಕ್ಕಳಲ್ಲಿ ಇದಕ್ಕೆ ವಿರುದ್ಧವಾದ ತೊಂದರೆಯೂ ಕಾಣಿಸುತ್ತದೆ. ಆವರೆಗೆ ಆ ಉಬ್ಬಿಗೆ ಒರಗುತ್ತಿದ್ದ ಅಂಗುಳವು ಈಗ ಹೆಚ್ಚು ದೂರ ಚಾಚಿ ಮೂಗಿನ ದಾರಿಯನ್ನು ಮುಚ್ಚಬೇಕಾಗುತ್ತದೆ. ಅದು ಸಾಧ್ಯವಾಗುವವರೆಗೆ ಮಾತೆಲ್ಲ ಮೂಗಿನಲ್ಲಿ ಬಂದಂತೆ ಕೇಳಿಸಬಹುದು. ಬಹುತೇಕ ಮಕ್ಕಳಲ್ಲಿ ಇದು ಕೆಲವು ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ. ಅಪರೂಪಕ್ಕೆ ಉಳಿದುಕೊಂಡರೆ ವಾಕ್ ಚಿಕಿತ್ಸೆಯೂ, ಕೆಲವೊಮ್ಮೆ ಇನ್ನೊಂದು ಶಸ್ತ್ರಚಿಕಿತ್ಸೆಯೂ ಬೇಕಾದೀತು. ಕಿರುನಾಲಿಗೆ ಎರಡಾಗಿ ಸೀಳಿರುವ ಮಗುವಿನಲ್ಲಿ ಲೋಳೆಪೊರೆಯಡಿಯ ಅಂಗುಳ ಸೀಳು ಇರುವ ಸಂಭವವಿರುವುದರಿಂದ, ಶಸ್ತ್ರಚಿಕಿತ್ಸೆಗೆ ಮೊದಲೇ ವೈದ್ಯರು ಇದನ್ನು ಪರೀಕ್ಷಿಸುತ್ತಾರೆ.

ಮೇಯರ್ ಅವರ ವಿಧಾನ ಯುರೋಪಿನಾದ್ಯಂತ ಹಬ್ಬಿತು. ಇಪ್ಪತ್ತನೆಯ ಶತಮಾನದ ಮೊದಲಾರ್ಧದಲ್ಲಿ ಪಶ್ಚಿಮ ದೇಶಗಳಲ್ಲಿ ಟಾನ್ಸಿಲ್ ಮತ್ತು ಅಡೆನಾಯ್ಡ್‌ಗಳನ್ನು ಅಗತ್ಯವಿದ್ದರೂ ಇಲ್ಲದಿದ್ದರೂ ತೆಗೆಯುವ ವಾಡಿಕೆ ಬೆಳೆಯಿತು. ಆ ಅತಿರೇಕದ ಹೊಣೆಯನ್ನು ಮೇಯರ್ ಅವರ ಮೇಲೆ ಹೊರಿಸುವುದು ನ್ಯಾಯವಲ್ಲ. ಅಡೆನಾಯ್ಡ್ ಹದಿಹರೆಯದ ಹೊತ್ತಿಗೆ ಸಾಮಾನ್ಯವಾಗಿ ಕುಗ್ಗುವುದರಿಂದ, ಇಂದು ಉಸಿರಾಟ, ನಿದ್ರೆ ಅಥವಾ ಕಿವಿಗೆ ಗಣನೀಯ ತೊಂದರೆಯಿದ್ದಲ್ಲಿ ಮಾತ್ರ ತೆಗೆಯಲು ಸಲಹೆ ನೀಡಲಾಗುತ್ತದೆ.

ಕೊನೆಯ ದಿನಗಳಲ್ಲಿ ಈ ರೋಗವು ಎಷ್ಟು ಹಳೆಯದೆಂಬ ಪ್ರಶ್ನೆ ಮೇಯರ್ ಅವರನ್ನು ಕಾಡಿತು. ಹಳೆಯ ಶಿಲ್ಪ ಮತ್ತು ಭಾವಚಿತ್ರಗಳಲ್ಲಿ ತೆರೆದ ಬಾಯಿಯ ಮುಖಗಳನ್ನು ಅವರು ಹುಡುಕಿದರು. 1895ರಲ್ಲಿ ಇಟಲಿಯ ವೆನಿಸ್ ನಗರದಲ್ಲಿ ನಿಧನರಾದರು. 1898ರಲ್ಲಿ ಹಲವು ದೇಶಗಳ ವೈದ್ಯರ ವಂತಿಗೆಯಿಂದ ಕೊಪೆನ್‌ಹೇಗನ್‌ನಲ್ಲಿ ಅವರ ಸ್ಮಾರಕ ಸ್ಥಾಪಿತವಾಯಿತು.