ಪರಾಗದ ಸಾಕ್ಷ್ಯ: ಬಿ.ಜಿ.ಎಲ್. ಸ್ವಾಮಿ

ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಅರಣ್ಯದ ತೇಗದ ಹೂವಿನಿಂದ ಚಿಟಿಕೆ ಪರಾಗವನ್ನು ತಂದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಪ್ರತಿಯೊಂದು ರೇಣುವಿನ ಮೈಯಲ್ಲಿಯೂ ಮೂರು ಸೀಳುಗಳು ಕಾಣುವುವು. ಅದೇ ಸೀಮೆಯ ಸೀತಾಫಲದ ಪರಾಗದಲ್ಲಿ ಈ ಮೂರು ಸೀಳುಗಳಿಲ್ಲ. ರೇಣುಗಳು ನಾಲ್ಕು ನಾಲ್ಕಾಗಿ ಕೂಡಿಕೊಂಡಿರುವುವು. ಎರಡೂ ದ್ವಿದಳ ಸಸ್ಯಗಳೇ ಅಲ್ಲವೆ? ಹೌದು; ಆದರೆ ಸೀತಾಫಲದ್ದು ಸಂಪಿಗೆಯೊಡನೆ ಸೇರುವ ಬಹು ಪ್ರಾಚೀನ ವಂಶ. ಇಂಥ ಹಳೆಯ ವಂಶಗಳ ಜಾತಕವನ್ನು ಶೋಧಿಸಿದವರಲ್ಲಿ ಕನ್ನಡಿಗರಾದ ಬಿ.ಜಿ.ಎಲ್. ಸ್ವಾಮಿಯವರೊಬ್ಬರು.

1918ರಲ್ಲಿ ಜನಿಸಿದ ಸ್ವಾಮಿಯವರು ಡಿ.ವಿ.ಜಿ. ಅವರ ಪುತ್ರರು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಹಸುರು ಹೊನ್ನು’ವಿನ ಕರ್ತೃವೆಂದು ವಾಚಕರು ಅವರನ್ನು ಬಲ್ಲರು. ಅವರ ವಿನೋದವನ್ನು ಮೆಚ್ಚಿದಷ್ಟು ಅವರ ವಿಜ್ಞಾನವನ್ನು ನಾವು ವಿಚಾರಿಸಿಲ್ಲ.

1940ರ ದಶಕದ ಕೊನೆಯಲ್ಲಿ ಅವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಇರ್ವಿಂಗ್ ಬೈಲಿಯವರ ಬಳಿ ಕೆಲಸಮಾಡಿದರು. ಹೂಬಿಡುವ ಗಿಡಗಳಲ್ಲಿ ಮೊದಲಿನವು ಯಾವುವೆಂಬುದು ಬೈಲಿಯವರ ಪ್ರಶ್ನೆ. ಅದಕ್ಕೆ ಎರಡು ಸಾಕ್ಷ್ಯಗಳು: ನೀರು ಸಾಗಿಸುವ ನಾಳಗಳಿಲ್ಲದ ಕಟ್ಟಿಗೆ, ಮತ್ತು ಒಂದೇ ಸೀಳಿನ ಪರಾಗ. ಫಿಜಿ ದ್ವೀಪದ ಡಿಜೆನೀರಿಯ ಎಂಬ ಮರದಲ್ಲಿ ಎರಡನೆಯದಿತ್ತು. ದ್ವಿದಳ ಸಸ್ಯವಾದರೂ ಅದರ ರೇಣು ಏಕದಳ ಸಸ್ಯಗಳಂತೆ ಒಂದೇ ಸೀಳಿನದು. 1942ರಲ್ಲಿ ಅದಕ್ಕಾಗಿಯೇ ಹೊಸ ಕುಟುಂಬವೊಂದು ಏರ್ಪಟ್ಟಿತು. 1949ರಲ್ಲಿ ಸ್ವಾಮಿಯವರು ಅದರ ರಚನೆಯನ್ನು ವಿವರವಾಗಿ ಪರೀಕ್ಷಿಸಿದರು.

ಅವರ ಮುಖ್ಯ ಸಾಹಸವೆಂದರೆ 1953ರಲ್ಲಿ ಪ್ರಕಟವಾದ ಕ್ಲೋರಾಂಥೇಸಿ ಕುಟುಂಬದ ಅಧ್ಯಯನ. ದಳಗಳಿಲ್ಲದ ಪುಟ್ಟ ಹೂಗಳನ್ನು ಕಂಡು ಹಿಂದಿನವರು ಈ ಗಿಡಗಳನ್ನು ಮೆಣಸಿನ ಕುಟುಂಬದ ಮಗ್ಗುಲಲ್ಲಿ ಕೂರಿಸಿದ್ದರು. ಆದರೆ ಇಷ್ಟು ಚಿಕ್ಕ ಕುಟುಂಬದೊಳಗೇ ಆಸ್ಕರೀನದ ರೇಣುವಿಗೆ ಒಂದು ಸೀಳು, ಕ್ಲೋರಾಂಥಸ್‌ಗೆ ಹಲವು! ಹಾಗಾದರೆ ಪರಾಗವೊಂದನ್ನೇ ನೆಚ್ಚಿ ತೀರ್ಪು ಕೊಡುವುದೆಂತು? ಸ್ವಾಮಿಯವರು ಕಟ್ಟಿಗೆ, ಭ್ರೂಣ, ಪರಾಗಗಳನ್ನು ಒಟ್ಟಿಗೆ ತೂಗಿ ನೋಡಿ, ಮೆಣಸಿನ ನಂಟನ್ನು ಬಿಡಿಸಿದರು. ಸಾರ್ಕಾಂಡ್ರ ಕುಲದ ದಕ್ಷಿಣ ಭಾರತದ ಪ್ರಭೇದವೊಂದಕ್ಕೆ ಗುರು ಬೈಲಿಯವರ ಹೆಸರನ್ನೂ, ಆಸ್ಕರೀನದ ಒಂದಕ್ಕೆ ಭ್ರೂಣಶಾಸ್ತ್ರಜ್ಞ ಪಂಚಾನನ ಮಹೇಶ್ವರಿಯವರ ಹೆಸರನ್ನೂ ಇಟ್ಟರು. ಮುಂದೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ದೀರ್ಘಕಾಲ ಪ್ರಾಧ್ಯಾಪಕರಾಗಿದ್ದು, 1980ರ ನವೆಂಬರ್ 2ರಂದು ತೀರಿಕೊಂಡರು.

ಬೈಲಿಯವರೊಡನೆ 1950ರಲ್ಲಿ ಅವರು ಸಾರ್ಕಾಂಡ್ರದ ಕಟ್ಟಿಗೆಯಲ್ಲಿ ನಾಳಗಳಿಲ್ಲವೆಂದು ಸಾರಿದ್ದರು. 1987ರಲ್ಲಿ ಷರ್ವಿನ್ ಕಾರ್ಲ್‌ಕ್ವಿಸ್ಟ್ ಅದರ ಬೇರಿನಲ್ಲಿ ನಾಳಗಳನ್ನು ತೋರಿಸಿದರು. ಕಟ್ಟಿಗೆಯ ಸಾಕ್ಷ್ಯ ಹೀಗೆ ಸಡಿಲವಾಯಿತು. ಒಂದೇ ಸಾಕ್ಷ್ಯವನ್ನು ನಂಬಿದ್ದರೆ ತೀರ್ಪೂ ಅದರೊಡನೆ ಉರುಳುತ್ತಿತ್ತು. 1998ರ ಅಂತರರಾಷ್ಟ್ರೀಯ ವರ್ಗೀಕರಣವು ಮೂರು ಸೀಳಿನ ಪರಾಗದ ವಂಶವನ್ನು ಒಂದು ದೊಡ್ಡ ಗುಂಪೆಂದು ಅಂಗೀಕರಿಸಿತು. ತೇಗ ಅದರೊಳಗೆ, ಸೀತಾಫಲ ಹೊರಗೆ. 2009ರಲ್ಲಿ ಕ್ಲೋರಾಂಥೇಸಿಗೆ ತನ್ನದೇ ಗಣ ದೊರೆಯಿತು; ಮೆಣಸು ಬೇರೆ ಗಣದಲ್ಲಿದೆ.