ಕವಿ ರವೀಂದ್ರನಾಥರು ಚಿತ್ರಕಾರರಾದ ಬಗೆ

ಚಿತ್ರ ಬರೆಯಲು ಕುಳಿತ ಬಾಲಿಕೆಯ ಎದುರಿಗೆ ಒಂದು ಹೂಜಿಯನ್ನೋ ಹೂವಿನ ಗೊಂಚಲನ್ನೋ ಇಟ್ಟರೆ ಆಕೆಯ ಕೈ ತಾನಾಗಿ ಓಡುವುದು. ಆ ಮಾದರಿಯನ್ನು ತೆಗೆದಿಟ್ಟು, ಮನಸ್ಸಿಗೆ ತೋಚಿದುದನ್ನು ಬರೆಯೆಂದು ಹೇಳಿದೊಡನೆಯೇ ಕೈ ನಿಂತುಹೋಗುವುದು. ಏನು ಬರೆಯಲಿ ಎಂಬ ಪ್ರಶ್ನೆಯು ಹುಟ್ಟುವುದು. ಕಲ್ಪನೆಯೆಂಬುದು ಯಾರೋ ಕೆಲವರು ಹುಟ್ಟುವಾಗಲೇ ಪಡೆದು ಬರುವ ವರವೆಂದೂ, ಮಿಕ್ಕವರು ಅದಕ್ಕೆ ಆಸೆಪಟ್ಟು ಫಲವಿಲ್ಲವೆಂದೂ ನಮ್ಮಲ್ಲಿ ಅನೇಕರು ನಂಬಿರುವೆವು. ಈ ನಂಬಿಕೆಯು ಎಷ್ಟರ ಮಟ್ಟಿಗೆ ಸರಿಯೆಂಬುದನ್ನು ತಿಳಿಯುವುದಕ್ಕೆ ಕವಿ ರವೀಂದ್ರನಾಥ ಠಾಕೂರರ ಜೀವನದ ಒಂದು ಭಾಗವು ಬಹಳ ಸಹಾಯಕವಾಗಿದೆ. ಅವರ ಕಾವ್ಯವನ್ನು ಬಲ್ಲವರು ಬಹು ಮಂದಿ. ಅವರ ಚಿತ್ರಗಳ ಕಥೆಯನ್ನು ಬಲ್ಲವರು ಸ್ವಲ್ಪವೇ ಮಂದಿ. ಆದುದರಿಂದ ಆ ಕಥೆಯನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸುವೆವು.

ರವೀಂದ್ರನಾಥರು 1861ನೆಯ ಇಸವಿಯ ಮೇ ತಿಂಗಳಲ್ಲಿ ಕಲ್ಕತ್ತೆಯ ಜೋಡಾಸಾಂಕೋ ಎಂಬಲ್ಲಿನ ದೊಡ್ಡ ಮನೆಯೊಂದರಲ್ಲಿ ಹುಟ್ಟಿದರು. ಮಹರ್ಷಿಗಳೆಂದು ಖ್ಯಾತರಾದ ದೇವೇಂದ್ರನಾಥರು ಅವರ ತಂದೆ. ಬಾಲಕನನ್ನು ಒಂದಾದ ಮೇಲೊಂದರಂತೆ ಹಲವು ಶಾಲೆಗಳಿಗೆ ಸೇರಿಸಿದರೂ ಯಾವುದೂ ಅವನಿಗೆ ಹಿಡಿಸಲಿಲ್ಲ. ಮನೆಯಲ್ಲಿಯೇ ಉಪಾಧ್ಯಾಯರನ್ನಿಟ್ಟು ಭಾಷೆ, ಗಣಿತ, ಸಂಗೀತ, ಅಂಗಸಾಧನೆ ಇವುಗಳೊಂದಿಗೆ ಚಿತ್ರಲೇಖನವನ್ನೂ ಕಲಿಸಿದರು. ಆದರೆ ಆ ವಿದ್ಯೆಯು ಅವರ ಕೈಗೆ ಹತ್ತಲಿಲ್ಲ. ಪದಗಳು ಎಷ್ಟು ಸುಲಭವಾಗಿ ಅವರ ವಶವಾದುವೋ ಗೆರೆಗಳು ಅಷ್ಟೇ ಕಠಿಣವಾಗಿ ಎದುರುನಿಂತುವು.

ಕಣ್ಣಿಗೆ ಮಾತ್ರ ಎಳೆತನದಿಂದಲೂ ಆಹಾರವು ಧಾರಾಳವಾಗಿ ದೊರೆಯಿತು. ನಮ್ಮ ಕನ್ನಡನಾಡಿನ ಕಡಲತೀರವೂ ಅದರಲ್ಲಿ ಒಂದು ಪಾಲನ್ನು ನೀಡಿತೆಂಬುದು ನಮಗೆ ಸಂತೋಷದ ಸಂಗತಿ. 1883ರಲ್ಲಿ, ಅಣ್ಣಂದಿರಾದ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಕಾಲದಲ್ಲಿ, ಇಪ್ಪತ್ತೆರಡು ವರ್ಷದ ತರುಣ ಕವಿಯು ಅಲ್ಲಿಗೆ ಬಂದು ಕೆಲವು ಕಾಲ ವಾಸವಾಗಿದ್ದು, ಆ ಸಮುದ್ರದ ದಂಡೆಯಲ್ಲಿಯೇ ಒಂದು ನಾಟಕವನ್ನು ರಚಿಸಿದರು. ಕಂಡುದೆಲ್ಲವೂ ಅವರಿಗೆ ಪದ್ಯವಾಯಿತು, ನಾಟಕವಾಯಿತು, ಹಾಡಾಯಿತು, ಚಿತ್ರವಾಗಲಿಲ್ಲ.

ಹಾಗೆಂದು ಆಸೆಯು ಅಡಗಿರಲಿಲ್ಲ. 1900ರಲ್ಲಿ ತಮ್ಮ ಸ್ನೇಹಿತರೂ ವಿಜ್ಞಾನಿಗಳೂ ಆದ ಜಗದೀಶಚಂದ್ರ ಬೋಸರಿಗೆ ಬರೆದ ಒಂದು ಕಾಗದದಲ್ಲಿ, ತಾವು ಚಿತ್ರದ ಪುಸ್ತಕವನ್ನು ಹಿಡಿದು ಕುಳಿತಿರುವುದಾಗಿಯೂ, ಸೀಸದ ಕಡ್ಡಿಗಿಂತ ಅಳಿಸುವ ರಬ್ಬರಿಗೇ ಹೆಚ್ಚು ಕೆಲಸ ಬಿದ್ದಿರುವುದಾಗಿಯೂ ವಿನೋದದಿಂದ ತಿಳಿಸಿದರು. ವಾಚಕರು ಈ ಸಂಗತಿಯನ್ನು ನೆನಪಿನಲ್ಲಿಡಬೇಕು. ಅಳಿಸುವುದೇ ಅವರಿಗೆ ಮುಂದೆ ದಾರಿಯನ್ನು ತೋರಿಸಿತು.

ಅವರ ಸುತ್ತಮುತ್ತ ಚಿತ್ರಕಾರರಿಗೆ ಕೊರತೆಯಿರಲಿಲ್ಲ. ಅಣ್ಣನ ವರಸೆಯವರ ಮಕ್ಕಳಾದ ಗಗನೇಂದ್ರನಾಥ, ಅವನೀಂದ್ರನಾಥರು ವಂಗದೇಶದ ಹೊಸ ಕಲೆಗೆ ಮುಂದಾಳುಗಳಾಗಿದ್ದರು. 1913ರಲ್ಲಿ ಸಾಹಿತ್ಯಕ್ಕಾಗಿ ನೊಬೆಲ್ ಬಹುಮಾನವನ್ನು ಪಡೆದು ಲೋಕಪೂಜ್ಯರಾದ ಕವಿಗಳು 1919ರಲ್ಲಿ ಶಾಂತಿನಿಕೇತನದಲ್ಲಿ ಕಲಾಭವನವನ್ನು ಸ್ಥಾಪಿಸಿ, ನಂದಲಾಲ ಬೋಸರಂತಹ ನಿಪುಣರನ್ನು ಅಲ್ಲಿಗೆ ಕರೆತಂದರು. ಮಕ್ಕಳು ಮರದಡಿಯಲ್ಲಿ ಕುಳಿತು ಚಿತ್ರ ಬರೆಯುವುದನ್ನು ದಿನವೂ ಕಂಡರು. ತಾವು ಮಾತ್ರ ಕುಂಚವನ್ನು ಮುಟ್ಟುವ ಧೈರ್ಯ ಮಾಡಲಿಲ್ಲ.

ಇನ್ನು ಆ ದಾರಿಯು ತೆರೆದ ಬಗೆಯನ್ನು ಹೇಳುವೆವು. ಕವಿಗಳಿಗೆ ತಮ್ಮ ಕೈಬರಹದ ಪುಟವು ಕಣ್ಣಿಗೆ ಹಿತವಾಗಿರಬೇಕೆಂಬ ಅಭಿಲಾಷೆಯಿತ್ತು. ಪದ್ಯವನ್ನು ಬರೆಯುವಾಗ ಒಪ್ಪದ ಪದಗಳನ್ನೂ ಸಾಲುಗಳನ್ನೂ ಹೊಡೆದುಹಾಕಲೇಬೇಕಷ್ಟೆ. ಹಾಗೆ ಹೊಡೆದುಹಾಕಿದ ಭಾಗಗಳು ಪುಟದ ಮೇಲೆ ಗಾಯಗಳಂತೆ ಅಲ್ಲಲ್ಲಿ ಚದರಿರುವುದನ್ನು ಅವರ ಕಣ್ಣು ಸಹಿಸುತ್ತಿರಲಿಲ್ಲ. ಆದುದರಿಂದ ಒಂದು ಕಾಟನ್ನು ಇನ್ನೊಂದಕ್ಕೆ ಗೆರೆಯಿಂದ ಸೇರಿಸುವರು. ಮೂಲೆಗಳನ್ನು ದುಂಡಗೆ ತಿರುಗಿಸುವರು. ನಡುವಿನ ತೆರವನ್ನು ಮಸಿಯಿಂದ ತುಂಬುವರು. ಹೀಗೆ ಮಾಡುತ್ತಿರಲು ಒಂದು ಕಡೆ ಕೊಕ್ಕು ಕಾಣಿಸಿಕೊಳ್ಳುವುದು. ಮತ್ತೊಂದು ಕಡೆ ಬಾಗಿದ ಕುತ್ತಿಗೆ. ಮಗುದೊಂದು ಕಡೆ ಯಾವ ಕಾಡಿನಲ್ಲಿಯೂ ಇಲ್ಲದ ಒಂದು ಮೃಗದ ಬೆನ್ನು. ಬೇಡವೆಂದು ತಳ್ಳಿದ ಮಾತುಗಳು ಬೇರೊಂದು ರೂಪವನ್ನು ತಾಳಿ ಎದ್ದುನಿಲ್ಲುವುವು.

1924ರಲ್ಲಿ ಅವರು ಪೆರು ದೇಶಕ್ಕೆ ಹೊರಟವರು ದಾರಿಯಲ್ಲಿ ಕಾಯಿಲೆ ಬಿದ್ದು, ಅರ್ಜೆಂಟೀನಾ ದೇಶದ ರಾಜಧಾನಿಗೆ ಸಮೀಪವಾದ ಸಾನ್ ಇಸಿದ್ರೊ ಎಂಬಲ್ಲಿ ಸುಮಾರು ಎರಡು ತಿಂಗಳ ಕಾಲ ತಂಗಬೇಕಾಯಿತು. ವಿಕ್ತೋರಿಯಾ ಒಕಾಂಪೊ ಎಂಬ ವಿದುಷಿಯು ಅವರ ಉಪಚಾರವನ್ನು ವಹಿಸಿಕೊಂಡರು. ಆಗ ಕವಿಗಳು ಬರೆಯುತ್ತಿದ್ದ ಪದ್ಯಗಳು ಮರುವರ್ಷ ಪೂರವೀ ಎಂಬ ಸಂಗ್ರಹವಾಗಿ ಹೊರಬಿದ್ದುವು. ಆ ಹಸ್ತಪ್ರತಿಯ ಪುಟಗಳಲ್ಲಿ ಕಾಟುಗಳು ಪಕ್ಷಿಗಳಾಗಿ, ಮುಖಗಳಾಗಿ ಬೆಳೆದಿರುವುದನ್ನು ಆ ಮಹಿಳೆಯು ಕಂಡು ಬೆರಗಾದರು. ಬಂಗಾಳಿಯನ್ನು ಅರಿಯದ ಅವರಿಗೆ ಪದ್ಯವು ಅರ್ಥವಾಗದಿದ್ದರೂ ಗೆರೆಗಳು ಅರ್ಥವಾದುವು.

1928ರ ವೇಳೆಗೆ ಚಿತ್ರಗಳು ಪದ್ಯದ ಆಸರೆಯನ್ನು ಬಿಟ್ಟು ಬೇರೆ ಕಾಗದಕ್ಕೆ ಇಳಿದುವು. ಕವಿಗಳಿಗೆ ಆಗ ಅರುವತ್ತೇಳು ವರ್ಷ. ಆ ವಯಸ್ಸಿನಲ್ಲಿ ಕೀರ್ತಿವಂತನಾದವನು ಹೊಸ ವಿದ್ಯೆಯೊಂದರಲ್ಲಿ ಎಳೆಯ ಮಗುವಿನಂತೆ ಮೊದಲಿಂದ ತೊಡಗುವುದು ಸಾಮಾನ್ಯವಾದ ಧೈರ್ಯವಲ್ಲ. ಕೈಗೆ ಸಿಕ್ಕಿದ ಲೇಖನಿ, ಬಣ್ಣದ ಮಸಿ, ಬಟ್ಟೆಯ ಚೂರು, ಕೊನೆಗೆ ತಮ್ಮ ಬೆರಳು, ಇವೇ ಅವರ ಸಾಧನಗಳು. ಸಾಮಾನ್ಯವಾಗಿ ಒಂದೇ ಸಲಕ್ಕೆ ಕುಳಿತು ಒಂದು ಚಿತ್ರವನ್ನು ಮುಗಿಸುವರು. ಕೆಂಪು ಹಸಿರುಗಳ ಭೇದವು ಅವರಿಗೆ ಚೆನ್ನಾಗಿ ತೋರುತ್ತಿರಲಿಲ್ಲವೆಂದು ಅವರ ಚಿತ್ರಗಳನ್ನು ಪರೀಕ್ಷಿಸಿದ ಬಲ್ಲವರು ಅಭಿಪ್ರಾಯಪಟ್ಟಿರುವರು. ಈ ಕುಂದೂ ಅವರನ್ನು ತಡೆಯಲಿಲ್ಲ. ಇಂಥದನ್ನು ಬರೆಯುವೆನೆಂದು ಮೊದಲೇ ಗೊತ್ತುಮಾಡಿಕೊಳ್ಳದೆ, ಒಂದು ಗೆರೆಯನ್ನೆಳೆದು, ಅದು ಎತ್ತ ಹೋಗಬಯಸುವುದೆಂದು ನೋಡಿ, ಅದರ ಹಿಂದೆ ತಾವು ನಡೆಯುತ್ತಿದ್ದರು. ಚಿತ್ರಗಳಿಗೆ ಹೆಸರಿಡುವುದಕ್ಕೂ ಅವರು ಒಪ್ಪುತ್ತಿರಲಿಲ್ಲ.

1930ರ ಮೇ ತಿಂಗಳಲ್ಲಿ, ಅದೇ ವಿಕ್ತೋರಿಯಾ ಒಕಾಂಪೊ ಅವರ ಪ್ರಯತ್ನದಿಂದ, ಪ್ಯಾರಿಸ್ ನಗರದ ಪಿಗಾಲ್ ಚಿತ್ರಶಾಲೆಯಲ್ಲಿ ಅವರ 125 ಚಿತ್ರಗಳು ಪ್ರದರ್ಶಿತವಾದುವು. ಆ ವರ್ಷವೇ ಇಂಗ್ಲೆಂಡು, ಜರ್ಮನಿ, ಡೆನ್ಮಾರ್ಕು, ರಷ್ಯಾ, ಅಮೇರಿಕ ಈ ದೇಶಗಳಲ್ಲಿಯೂ ಪ್ರದರ್ಶನಗಳು ನಡೆದುವು. ಸ್ವದೇಶದಲ್ಲಿ ದೊರೆತ ಮನ್ನಣೆಯು ಅಷ್ಟು ಸರಳವಾದುದಾಗಿರಲಿಲ್ಲ. ಸುಂದರವಾದ ಪದ್ಯಗಳನ್ನು ಬರೆದ ಕೈಯಿಂದ ಈ ವಿಕಾರವಾದ ಮೃಗಗಳೂ ಮ್ಲಾನವದನೆಯರಾದ ಸ್ತ್ರೀಯರೂ ಏಕೆ ಬಂದರೆಂದು ಅನೇಕರು ಗಲಿಬಿಲಿಗೊಂಡರು. ಕವಿಗಳು ವಾದಕ್ಕೆ ನಿಲ್ಲದೆ ಬರೆಯುತ್ತಲೇ ಹೋದರು. 1937ರಲ್ಲಿ, ಮೊಮ್ಮಗಳಿಗೆ ಹೇಳುತ್ತಿದ್ದ ವಿಚಿತ್ರ ಕಥೆಗಳನ್ನು ಸೇ ಎಂಬ ಪುಸ್ತಕವಾಗಿ ಅಚ್ಚುಮಾಡಿಸಿದಾಗ ಅದಕ್ಕೆ ಚಿತ್ರಗಳನ್ನೂ ತಾವೇ ಬರೆದರು. 1941ರ ಆಗಸ್ಟ್ ತಿಂಗಳಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಎರಡು ಸಾವಿರಕ್ಕೆ ಮೇಲ್ಪಟ್ಟ ಚಿತ್ರಗಳು ಸಿದ್ಧವಾಗಿದ್ದುವು. ಮುಂದೆ ಭಾರತ ಸರಕಾರವು ಅವನ್ನು ರಾಷ್ಟ್ರದ ಕಲಾನಿಧಿಯೆಂದು ಸಾರಿತು.

ಈ ಚರಿತ್ರೆಯಿಂದ ನಮಗೆ ತೋರುವುದೇನೆಂದರೆ, ಕಲ್ಪನೆಯು ಬರಿದಾದ ಆಕಾಶದಿಂದ ಇಳಿದುಬರುವುದಿಲ್ಲ. ಆಗಲೇ ಕೈಯಲ್ಲಿರುವ ಯಾವುದೋ ಒಂದು ಅಲ್ಪ ವಸ್ತುವಿನಿಂದ ಮೊಳೆಯುವುದು. ಇಟಲಿಯ ಲಿಯೊನಾರ್ಡೊ ಡ ವಿಂಚಿಯು ಸಹ, ಕಲೆಬಿದ್ದ ಹಳೆಯ ಗೋಡೆಗಳನ್ನು ದಿಟ್ಟಿಸಿ ನೋಡಿದರೆ ಬೆಟ್ಟಗಳೂ ಯುದ್ಧಗಳೂ ಮುಖಗಳೂ ಅಲ್ಲಿ ಕಾಣಬರುವುವೆಂದು ಚಿತ್ರಕಾರರಿಗೆ ಉಪದೇಶಿಸಿರುವನು. ನಮ್ಮ ಮಹಿಳೆಯರಿಗೆ ಈ ಮರ್ಮವು ಹೊಸದಲ್ಲ. ಅಂಗಳದಲ್ಲಿ ಚುಕ್ಕಿಗಳನ್ನಿಟ್ಟು, ನಿನ್ನೆ ಸೇರಿಸಿದಂತೆ ಸೇರಿಸದೆ ಇಂದು ಬೇರೆಯಾಗಿ ಸೇರಿಸಿ, ಹೊಸ ರಂಗವಲ್ಲಿಯನ್ನು ತೆಗೆಯುವ ಗೃಹಿಣಿಯು ಇದನ್ನೇ ಅಲ್ಲವೇ ಮಾಡುವುದು?

ಆದರೆ ಕಲೆಯೊಳಗೆ ರೂಪವು ಕಾಣಬೇಕಾದರೆ, ನೋಡುವ ಕಣ್ಣಿನಲ್ಲಿ ಮೊದಲೇ ರೂಪಗಳು ತುಂಬಿರಬೇಕೆಂಬುದನ್ನೂ ಮರೆಯಲಾಗದು. ರವೀಂದ್ರನಾಥರು ಅರುವತ್ತು ವರ್ಷ ಕಾಲ ನದಿ, ಮರ, ಮನುಷ್ಯರ ಮುಖಗಳನ್ನು ಮನಗೊಟ್ಟು ನೋಡಿದ್ದರು. 1916ರಲ್ಲಿ ಜಪಾನಿಗೂ 1927ರಲ್ಲಿ ಜಾವಾ ದ್ವೀಪಕ್ಕೂ ಹೋಗಿ ಅಲ್ಲಲ್ಲಿನ ಕಲೆಯನ್ನು ಕಂಡಿದ್ದರು. ಆ ಸಂಪತ್ತು ಒಳಗಿದ್ದುದರಿಂದಲೇ ಒಂದು ಕಾಟು ಪಕ್ಷಿಯಾಗಬಲ್ಲುದಾಯಿತು.

ಇದನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿರುವಿರಿ. ಚಿತ್ರ ನಮಗೆ ಬಾರದೆಂದು ಎಂದೋ ಪುಸ್ತಕವನ್ನು ಮುಚ್ಚಿಟ್ಟವರೂ ನಿಮ್ಮಲ್ಲಿ ಇರಬಹುದು. ನಿಮ್ಮ ಮಗಳು ಮಸಿ ಚೆಲ್ಲಿದ ಹಾಳೆಯನ್ನು ಹರಿದೆಸೆಯಲು ಹೊರಟಾಗ ಒಂದು ಗಳಿಗೆ ಅವಳ ಕೈಯನ್ನು ತಡೆಯಿರಿ. ಅದರಲ್ಲಿ ಏನು ಕಾಣುವುದೆಂದು ಕೇಳಿರಿ. ಉತ್ತರವನ್ನು ನೀವೇ ಹೇಳದೆ ಸ್ವಲ್ಪ ಕಾದಿರಿ. ಆಕೆಯು ಒಂದು ಕಣ್ಣನ್ನೋ ಒಂದು ರೆಕ್ಕೆಯನ್ನೋ ಅದಕ್ಕೆ ಸೇರಿಸಿದಳೆಂದರೆ, ಏನು ಬರೆಯಲಿ ಎಂಬ ಪ್ರಶ್ನೆಗೆ ಅವಳೇ ಉತ್ತರವನ್ನು ಕಂಡುಕೊಂಡಂತಾಯಿತು. ಅರುವತ್ತು ದಾಟಿದ ಮೇಲೆ ಮಹಾಕವಿಗೆ ಸಿಕ್ಕಿದ ಆ ಆನಂದವು ನಮ್ಮ ಬಾಲಿಕೆಯರಿಗೆ ಎಂಟು ಹತ್ತು ವರ್ಷಕ್ಕೇ ಸಿಕ್ಕಲೆಂದು ಹಾರೈಸುವೆವು.